ಗೆಳೆಯರ ಗುಂಪು

ಕವಿಯೆಂದರೆ ಊರ ಹೊರಗಿನ ಹೊಳೆಯ ದಂಡೆಯಲ್ಲಿ ಒಬ್ಬನೇ ಕುಳಿತು ಆಕಾಶವನ್ನು ನೋಡುತ್ತಿರುವವನು ಎಂಬ ಚಿತ್ರವು ನಮ್ಮ ಜನರ ಮನಸ್ಸಿನಲ್ಲಿ ಹೇಗೋ ಬೇರೂರಿಬಿಟ್ಟಿದೆ. ನಾವು ಬಹಳ ವರುಷ ಮಕ್ಕಳಿಗೆ ಪಾಠ ಹೇಳಿದವರು. ಕವಿಯ ಚಿತ್ರವನ್ನು ಬರೆದು ತನ್ನಿರೆಂದರೆ ಒಂದು ಗಿಡ, ಅದರ ಬುಡದಲ್ಲಿ ಒಬ್ಬ ಗಡ್ಡದವನು, ಇಷ್ಟನ್ನೇ ಬರೆದು ತರುತ್ತಿದ್ದರು. ಆ ಗಿಡದ ಕೆಳಗೆ ಇನ್ನೂ ನಾಲ್ಕು ಮಂದಿ ಕುಳಿತಿರುವಂತೆ ಬರೆದ ಹುಡುಗನನ್ನು ನಾವು ಕಾಣಲಿಲ್ಲ. ಆದರೆ ನಿಜವಾದ ಕವಿಗಳ ಚರಿತ್ರೆಯನ್ನು ತೆಗೆದು ನೋಡಿದರೆ ಆ ನಾಲ್ಕು ಮಂದಿ ಇದ್ದೇ ಇರುತ್ತಾರೆ. ಈ ತಿಂಗಳು ಅವರ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದಿರುವೆವು.

ಸಂಸ್ಕೃತದಲ್ಲಿ ತನ್ನ ಜೀವನವನ್ನು ತಾನೇ ಹೇಳಿಕೊಂಡ ಕವಿಗಳು ವಿರಳ. ಬಾಣಭಟ್ಟನು ಅಂಥವರಲ್ಲಿ ಒಬ್ಬನು. ಎಳೆತನದಲ್ಲಿ ತಾಯಿಯನ್ನೂ ಹದಿನಾಲ್ಕನೆಯ ವಯಸ್ಸಿನಲ್ಲಿ ತಂದೆಯನ್ನೂ ಕಳೆದುಕೊಂಡ ಆತನು ಮನೆ ಬಿಟ್ಟು ದೇಶ ತಿರುಗಿದನು. ಹರ್ಷಚರಿತದ ಮೊದಲನೆಯ ಉಚ್ಛ್ವಾಸದಲ್ಲಿ, ಆಗ ತನ್ನ ಜೊತೆಗಿದ್ದವರು ಯಾರು ಯಾರೆಂಬುದನ್ನು ಹೆಸರು ಹಿಡಿದು ಹೇಳಿದ್ದಾನೆ. ಅದರಲ್ಲಿ ದೇಶಭಾಷೆಯ ಕವಿಯೊಬ್ಬನಿದ್ದಾನೆ, ವೈದ್ಯನ ಮಗನಿದ್ದಾನೆ, ಹಾವಿನ ವಿಷ ಇಳಿಸುವವನಿದ್ದಾನೆ, ಅಕ್ಕಸಾಲಿಗ, ಮೃದಂಗದವನು, ಪುಸ್ತಕ ಓದಿ ಹೇಳುವವನು, ಕಡೆಗೆ ಎಲೆಅಡಿಕೆ ಕೊಡುವವನನ್ನೂ ಬಿಟ್ಟಿಲ್ಲ! ಅರಸನ ಆಸ್ಥಾನಕ್ಕೆ ಹೋದಮೇಲೂ ಈ ಹೆಸರುಗಳನ್ನು ಆತನು ಮರೆಯಲಿಲ್ಲವೆಂಬುದನ್ನು ಗಮನಿಸಬೇಕು. ಯಾಸ್ಕರು ಮಿತ್ರ ಶಬ್ದವನ್ನು ಬಿಡಿಸುವಾಗ ಮರಣದಿಂದ ಕಾಯುವವನೆಂಬ ಅರ್ಥವನ್ನು ಹೇಳಿದ್ದಾರೆ. ವ್ಯಾಕರಣದವರು ಇದನ್ನು ಒಪ್ಪುವರೋ ಬಿಡುವರೋ, ಬಡ ಕವಿಗಳ ಮಟ್ಟಿಗಂತೂ ಈ ಅರ್ಥವು ಅಕ್ಷರಶಃ ಸರಿಯಾದುದೆಂದು ನಾವು ತಿಳಿದಿರುವೆವು.

ಇದಕ್ಕೆ ಪರದೇಶದ ಒಂದು ದೃಷ್ಟಾಂತವನ್ನು ಮೊದಲು ನೋಡೋಣ. ಹದಿನೆಂಟನೆಯ ಶತಮಾನದಲ್ಲಿ ಲಂಡನ್ ಪಟ್ಟಣದಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಎಂಬ ಪಂಡಿತನಿದ್ದನು. ೧೭೦೯ರಲ್ಲಿ ಲಿಚ್‌ಫೀಲ್ಡ್ ಎಂಬ ಊರಿನಲ್ಲಿ ಒಬ್ಬ ಪುಸ್ತಕದ ವ್ಯಾಪಾರಿಯ ಮಗನಾಗಿ ಹುಟ್ಟಿದ ಈತನು ಆಕ್ಸ್‌ಫರ್ಡಿಗೆ ಓದಲು ಹೋಗಿ, ಹಣವಿಲ್ಲದೆ ನಡುವೆಯೇ ಮರಳಿದನು. ಶಾಲೆ ತೆಗೆದನು, ಅದೂ ನಡೆಯಲಿಲ್ಲ. ೧೭೫೫ರಲ್ಲಿ ಇಂಗ್ಲಿಷ್ ಭಾಷೆಗೆ ದೊಡ್ಡದೊಂದು ನಿಘಂಟನ್ನು ರಚಿಸಿ ಕೊಟ್ಟನು. ದೇಶವೆಲ್ಲ ಕೊಂಡಾಡಿತು. ಮರುವರುಷವೇ ಸಾಲಕ್ಕಾಗಿ ಈತನನ್ನು ಹಿಡಿದರು! ಆಗ ರಿಚರ್ಡ್‌ಸನ್ ಎಂಬ ಕಾದಂಬರಿಕಾರನು ಆರು ಗಿನಿ ಕಳಿಸಿ ಬಿಡಿಸಿದನು. ಮುಂದೆ ಸರಕಾರದ ವರ್ಷಾಶನವು ದೊರೆತು ಸ್ವಲ್ಪ ಉಸಿರಾಡುವಂತಾದಾಗ, ಗೆಳೆಯ ಗೋಲ್ಡ್‌ಸ್ಮಿತ್ ಮನೆಬಾಡಿಗೆ ಕೊಡಲಾರದೆ ಮನೆಯೊಡತಿಯ ಕೈಗೆ ಸಿಕ್ಕಿಬಿದ್ದನೆಂಬ ಸುದ್ದಿ ಬಂತು. ಜಾನ್ಸನ್ ಹೋಗಿ, ಗೆಳೆಯನ ಮೇಜಿನಲ್ಲಿದ್ದ ಒಂದು ಕಥೆಯ ಹಸ್ತಪ್ರತಿಯನ್ನು ಒಯ್ದು, ಅರುವತ್ತು ಪೌಂಡಿಗೆ ಮಾರಿ, ಬಾಡಿಗೆ ತೀರಿಸಿದನು. ಆ ಕಥೆಯೇ ಹಿಂದಕ್ಕೆ ಮೆಟ್ರಿಕಿನ ಎಷ್ಟೋ ಹುಡುಗರು ಓದಿದ ವೇಕ್‌ಫೀಲ್ಡಿನ ಪಾದ್ರಿಯ ಕಥೆಯು.

೧೭೬೪ರಲ್ಲಿ ಚಿತ್ರಕಾರ ರೆನಾಲ್ಡ್ಸನ ಸೂಚನೆಯ ಮೇಲೆ ಒಂಬತ್ತು ಮಂದಿ ಸೇರಿ ಒಂದು ಕೂಟವನ್ನು ಮಾಡಿಕೊಂಡರು. ವಾರಕ್ಕೊಂದು ಸಂಜೆ ಒಂದು ಊಟದ ಅಂಗಡಿಯಲ್ಲಿ ಕೂಡುವುದು, ಉಣ್ಣುವುದು, ಮಾತನಾಡುವುದು, ಇಷ್ಟೇ ಅದರ ನಿಯಮ. ಆ ಕೂಟಕ್ಕೆ ಮುಂದೆ ಸೇರಿದವರಲ್ಲಿ ಸರ್ ವಿಲಿಯಂ ಜೋನ್ಸರೂ ಒಬ್ಬರು. ಕಲಕತ್ತೆಗೆ ನ್ಯಾಯಾಧೀಶರಾಗಿ ಬಂದು, ೧೭೮೯ರಲ್ಲಿ ಕಾಳಿದಾಸನ ಶಾಕುಂತಲವನ್ನು ಇಂಗ್ಲಿಷಿಗೆ ತಂದು, ಯುರೋಪವೇ ಬೆರಗಾಗುವಂತೆ ಮಾಡಿದವರು ಇವರೇ. ಜಾನ್ಸನನ ಊಟದ ಮೇಜಿಗೂ ಕಣ್ವಾಶ್ರಮಕ್ಕೂ ಇಷ್ಟು ಸಮೀಪದ ದಾರಿಯಿದೆಯೆಂಬುದು ನಮಗೆ ಯಾವಾಗಲೂ ಸಂತೋಷ ಕೊಡುವ ಸಂಗತಿ. ಜಾನ್ಸನನ ಮನೆಯಲ್ಲಿ ಇನ್ನೊಂದು ಕೂಟವಿತ್ತು. ಅಲ್ಲಿ ಕಣ್ಣು ಕಾಣದ ವಿಲಿಯಮ್ಸ್ ಎಂಬ ಹೆಂಗಸು, ಬಡವರಿಗೆ ಔಷಧ ಕೊಡುತ್ತಿದ್ದ ಲೆವೆಟ್, ಜಮೈಕಾದಲ್ಲಿ ಗುಲಾಮನಾಗಿ ಹುಟ್ಟಿ ಬಿಡುಗಡೆ ಹೊಂದಿದ ಬಾರ್ಬರ್ ಎಂಬ ಸೇವಕ, ಇವರೆಲ್ಲ ಆತನ ಅನ್ನದಲ್ಲಿಯೇ ಇದ್ದರು. ೧೭೮೪ರ ಡಿಸೆಂಬರಿನಲ್ಲಿ ಜಾನ್ಸನ್ ತೀರಿಕೊಂಡಾಗ ಆಸ್ತಿಯಲ್ಲಿ ಬಹುಭಾಗವು ಹೋದದ್ದು ಆ ಬಾರ್ಬರನಿಗೆ. ದೊಡ್ಡವರ ಕೂಟವನ್ನು ಎಲ್ಲರೂ ಹೊಗಳುತ್ತಾರೆ. ಈ ಎರಡನೆಯ ಕೂಟವನ್ನು ನೋಡಿಯೇ ನಾವು ಜಾನ್ಸನನಿಗೆ ಕೈಮುಗಿಯುವೆವು.

ಇನ್ನು ನಮ್ಮ ನಾಡಿಗೆ ಬರೋಣ. ಇಂಥದೇ ಒಂದು ಕೂಟವು, ಊಟದ ಅಂಗಡಿಯ ಸುಖವಿಲ್ಲದೆ, ನಮ್ಮ ಧಾರವಾಡದಲ್ಲಿ ೧೯೨೨ರ ಸುಮಾರಿಗೆ ಹುಟ್ಟಿತು. ಆಗ ನಮ್ಮ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯೆಲ್ಲ ಧಾರವಾಡ ಜಿಲ್ಲೆಯಲ್ಲಿಯೇ ಇತ್ತು. ಹಾವೇರಿ ಜಿಲ್ಲೆಯಾದದ್ದು ೧೯೯೭ರಲ್ಲಿ. ಆದ್ದರಿಂದ ಹಲಗೇರಿಯಲ್ಲಿ ಕುಳಿತು ಈ ಕಥೆಯನ್ನು ಹೇಳುವಾಗ ಪಕ್ಕದ ಮನೆಯ ಕಥೆಯನ್ನು ಹೇಳಿದಂತೆಯೇ ಆಗುತ್ತದೆ. ಆ ಕೂಟದ ಹೆಸರೇ ಗೆಳೆಯರ ಗುಂಪು. ಗೆಳೆಯ ಎಂಬುದು ಹಳಗನ್ನಡದ ಕೆಳೆ ಎಂಬ ಶಬ್ದದಿಂದ ಬಂದ ಅಚ್ಚಗನ್ನಡ ಮಾತು. ಮಂಡಲ, ಪರಿಷತ್ತು, ಸಮಾಜ ಎಂಬ ಭಾರವಾದ ಹೆಸರುಗಳು ಬೇಕಾದಷ್ಟು ಇದ್ದ ಕಾಲದಲ್ಲಿ ಈ ಹೆಸರನ್ನು ಇಟ್ಟುಕೊಂಡದ್ದೇ ಒಂದು ಚೆಲುವು. ಅದರ ನಡುವಿನ ಕಂಬವೇ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು.

ಬೇಂದ್ರೆಯವರು ೧೮೯೬ನೆಯ ಇಸವಿ ಜನವರಿ ೩೧ರಂದು ಧಾರವಾಡದಲ್ಲಿ ಹುಟ್ಟಿದರು. ತಂದೆ ಇವರ ಬಾಲ್ಯದಲ್ಲಿಯೇ ತೀರಿಕೊಂಡರು. ತಾಯಿ ಅಂಬವ್ವನವರ ಹೆಸರಿನಿಂದಲೇ ಅಂಬಿಕಾತನಯದತ್ತನೆಂಬ ಕಾವ್ಯನಾಮವನ್ನು ಧರಿಸಿದರು. ಮನೆಯ ಮಾತು ಮರಾಠಿ. ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ೧೯೧೮ರಲ್ಲಿ ಬಿ. ಎ. ಪದವಿ ಪಡೆದು, ಊರಿಗೆ ಬಂದು ವಿಕ್ಟೋರಿಯಾ ಹಾಯಸ್ಕೂಲಿನಲ್ಲಿ ಮಾಸ್ತರಿಕೆ ಹಿಡಿದರು. ಧಾರವಾಡವು ಆಗ ಮುಂಬಯಿ ಇಲಾಖೆಯ ಊರು. ಕಚೇರಿಯಲ್ಲಿ, ಶಾಲೆಯಲ್ಲಿ, ನಾಟಕದಲ್ಲಿ ಮರಾಠಿಯದೇ ಮೇಲುಗೈ. ೧೮೯೦ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವು ಕನ್ನಡದ ದೀಪವನ್ನು ಹಚ್ಚಿ ಇಟ್ಟಿದ್ದಿತು. ಎಣ್ಣೆ ಹಾಕುವವರು ಬೇಕಾಗಿತ್ತು.

ಆ ಗುಂಪಿಗೆ ಬಂದವರನ್ನು ನೋಡಿರಿ. ಗೋಕಾಕ ತಾಲೂಕಿನ ಬೆಟಗೇರಿಯಿಂದ ಬಂದ ಕೃಷ್ಣಶರ್ಮರು, ಆನಂದಕಂದರೆಂದು ಹೆಸರಾದವರು. ಹಳ್ಳಿಯ ಕನ್ನಡವೆಲ್ಲ ಅವರ ನಾಲಗೆಯ ಮೇಲೆ ಇತ್ತು. ಬೇಂದ್ರೆಯವರು ಹುಟ್ಟಿದ ವರುಷವೇ ಹುಟ್ಟಿ, ಶಬ್ದಗಳ ಬೇರನ್ನು ಅಗೆಯುತ್ತ ಇಡೀ ಆಯುಷ್ಯ ಕಳೆದ ಶಂಬಾ ಜೋಶಿಯವರು. ರಸಿಕರಂಗರೆಂಬ ಹೆಸರಿನಿಂದ ಬರೆದು ಮುಂದೆ ಕನ್ನಡ ಸಾಹಿತ್ಯದ ಚರಿತ್ರೆಯನ್ನು ರಚಿಸಿದ ರಂ. ಶ್ರೀ. ಮುಗಳಿಯವರು. ಎನ್ಕೆಯವರು. ೧೯೩೩ರಲ್ಲಿ ಮನೋಹರ ಗ್ರಂಥಮಾಲೆಯನ್ನು ಹುಟ್ಟುಹಾಕಿದ ಜಿ. ಬಿ. ಜೋಶಿಯವರು. ಒಬ್ಬನಿಗೆ ಛಂದಸ್ಸು, ಒಬ್ಬನಿಗೆ ಇತಿಹಾಸ, ಒಬ್ಬನಿಗೆ ಅಚ್ಚುಕೂಟ! ಇವರು ಕೂಡಿ ಮಾಡಿದ್ದೇನು? ಒಬ್ಬರು ಬರೆದುದನ್ನು ಮತ್ತೊಬ್ಬರು ಕೇಳಿದರು, ಅಷ್ಟೇ. ಆದರೆ ಕೇಳುವುದು ಸಣ್ಣ ಕೆಲಸವಲ್ಲ. ನಮ್ಮ ಅಲಂಕಾರಶಾಸ್ತ್ರದವರು ಕಾವ್ಯದ ಅರ್ಧವನ್ನು ಸಹೃದಯನಿಗೆ ಒಪ್ಪಿಸಿಬಿಟ್ಟಿದ್ದಾರೆ. ಮಾರುಕಟ್ಟೆಯಲ್ಲಿ ಕನ್ನಡ ಪುಸ್ತಕಕ್ಕೆ ಗಿರಾಕಿಯಿಲ್ಲದ ದಿನಗಳಲ್ಲಿ, ಹೊಸ ಕವಿತೆಗೆ ಮೊದಲನೆಯ ಹತ್ತು ಸಹೃದಯರು ಸಿಕ್ಕಿದ್ದು ಈ ಗುಂಪಿನಲ್ಲಿಯೇ. ದಸರೆಯ ಹೊತ್ತಿನಲ್ಲಿ ನಾಡಹಬ್ಬವನ್ನು ಮಾಡುವ ಪದ್ಧತಿಯನ್ನು ಹಾಕಿಕೊಟ್ಟವರೂ ಇವರೇ. ನಮ್ಮ ಶಾಲೆಗಳಲ್ಲಿ ಭುವನೇಶ್ವರಿಯ ಪಟವಿಟ್ಟು ಹಾಡು ಹೇಳಿಸಿದ ಹಳೆಯ ಮಾಸ್ತರರಿಗೆ ಆ ಹಬ್ಬದ ಸೊಗಸು ಗೊತ್ತು.

ಈ ಗುಂಪಿನಲ್ಲಿ ನಮ್ಮ ಸೀಮೆಯ ಒಬ್ಬ ಹುಡುಗನಿದ್ದನು. ಅವನ ಕಥೆಯನ್ನು ಸ್ವಲ್ಪ ಬಿಚ್ಚಿ ಹೇಳಬೇಕು. ಸವಣೂರು ಆಗ ನವಾಬರ ಸಂಸ್ಥಾನ. ಅಲ್ಲಿ ೧೯೦೯ರ ಆಗಸ್ಟ್ ೯ರಂದು ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ೧೯೨೫ರ ಸುಮಾರಿಗೆ ಕರ್ನಾಟಕ ಕಾಲೇಜಿಗೆ ಓದಲು ಧಾರವಾಡಕ್ಕೆ ಬಂದರು. ಬುದ್ಧಿವಂತ ಹುಡುಗ, ಇಂಗ್ಲಿಷಿನಲ್ಲಿ ಕವಿತೆ ಬರೆಯುವ ಹುರುಪು. ಆ ಕಾಲದಲ್ಲಿ ಬುದ್ಧಿವಂತನೆಂದರೆ ಇಂಗ್ಲಿಷಿನಲ್ಲಿ ಬರೆಯತಕ್ಕದ್ದೇ ಎಂಬ ಭಾವನೆಯಿತ್ತು. ಈ ಕಾಲದಲ್ಲಿಯೂ ಇಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ. ಬೇಂದ್ರೆಯವರ ಸಹವಾಸವು ಈ ಹುಡುಗನನ್ನು ಕನ್ನಡಕ್ಕೆ ತಿರುಗಿಸಿತು. ಮರಾಠಿ ಮನೆಮಾತಿನ ಒಬ್ಬ ಮಾಸ್ತರರು ಇಂಗ್ಲಿಷಿನ ಮೋಹದಲ್ಲಿದ್ದ ಕನ್ನಡದ ಹುಡುಗನನ್ನು ಕನ್ನಡಕ್ಕೆ ಕರೆತಂದರೆಂದರೆ ಇದಕ್ಕಿಂತ ವಿಚಿತ್ರವೇನಿದೆ! ಗೋಕಾಕರು ಈ ಋಣವನ್ನು ಮುಚ್ಚಿಡಲಿಲ್ಲ. ೧೯೩೬ರಿಂದ ಎರಡು ವರುಷ ಆಕ್ಸ್‌ಫರ್ಡಿನಲ್ಲಿ ಓದಿ ಮೊದಲ ದರ್ಜೆಯಲ್ಲಿ ಹೊರಬಿದ್ದರು. ಜಾನ್ಸನನನ್ನು ಹಣವಿಲ್ಲದೆ ಹೊರಗಟ್ಟಿದ ಆಕ್ಸ್‌ಫರ್ಡ್ ಅದೇ. ಮರಳಿ ಬಂದಮೇಲೂ ವಿನಾಯಕನೆಂಬ ಹೆಸರಿನಿಂದ ಕನ್ನಡದಲ್ಲಿಯೇ ಕಾವ್ಯ ಕಟ್ಟಿದರು. ಬೇಂದ್ರೆಯವರ ಕಾವ್ಯವನ್ನು ಕನ್ನಡ ಬಾರದವರಿಗೆ ಇಂಗ್ಲಿಷಿನಲ್ಲಿ ತಿಳಿಸಿಕೊಟ್ಟವರಲ್ಲಿಯೂ ಇವರು ಮೊದಲಿಗರು. ಅಂತೂ ಹುಡುಗನ ಇಂಗ್ಲಿಷು ವ್ಯರ್ಥವಾಗಲಿಲ್ಲ. ಗುರುವಿನ ಕೆಲಸಕ್ಕೇ ಬಂದಿತು.

೧೯೨೯ರಲ್ಲಿ ಬೆಳಗಾವಿಯಲ್ಲಿ ಸಾಹಿತ್ಯ ಸಮ್ಮೇಳನವು ಕೂಡಿತು. ಅಧ್ಯಕ್ಷರು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ಕಾಲವನ್ನು ಹಾರುವ ಹಕ್ಕಿಯಾಗಿ ಕಂಡ ತಮ್ಮ ಕವಿತೆಯನ್ನು ಬೇಂದ್ರೆಯವರು ಅಲ್ಲಿ ಓದಿದರು. ಮೈಸೂರು ಸೀಮೆಯವರಿಗೆ ಧಾರವಾಡದ ಕವಿಯ ಪರಿಚಯವಾದದ್ದು ಆಗ. ಮಾಸ್ತಿಯವರದು ಮನೆಯಲ್ಲಿ ತಮಿಳು, ಮೈಸೂರು ಸರಕಾರದಲ್ಲಿ ದೊಡ್ಡ ಹುದ್ದೆ. ಬೇಂದ್ರೆಯವರದು ಮನೆಯಲ್ಲಿ ಮರಾಠಿ, ಕೈಯಲ್ಲಿ ಇಂದು ಇದ್ದು ನಾಳೆ ಇಲ್ಲದ ಮಾಸ್ತರಿಕೆ. ಇವರಿಬ್ಬರೂ ಅಣ್ಣತಮ್ಮಂದಿರಂತೆ ಆದರು. ಬೇಂದ್ರೆಯವರು ಮಾಸ್ತಿಯವರನ್ನು ಅಣ್ಣನೆಂದೇ ಭಾವಿಸಿದ್ದರು. ನಾಡು ಬೇರೆ ಬೇರೆ ಆಳಿಕೆಗಳಲ್ಲಿ ಹಂಚಿಹೋಗಿದ್ದಾಗ, ೧೯೫೬ರ ಏಕೀಕರಣಕ್ಕೆ ಎಷ್ಟೋ ಮೊದಲೇ, ಇವರಿಬ್ಬರ ನಡುವೆ ಅದು ಆಗಿಹೋಗಿತ್ತು.

ಗೆಳೆತನಕ್ಕೆ ಪರೀಕ್ಷೆಯು ೧೯೩೨ರಲ್ಲಿ ಬಂದಿತು. ಆ ವರುಷ ಗರಿ ಎಂಬ ಕವನಸಂಗ್ರಹವು ಹೊರಬಿದ್ದಿತು. ಅದರಲ್ಲಿಯ ನರಬಲಿ ಎಂಬ ಪದ್ಯವು ರಾಜದ್ರೋಹದ್ದೆಂದು ಸರಕಾರದವರು ಕವಿಯನ್ನು ಹಿಡಿದು ಹಿಂಡಲಗಿಯ ಸೆರೆಮನೆಯಲ್ಲಿಟ್ಟರು. ಅಲ್ಲಿಂದ ಬಿಟ್ಟಮೇಲೆ ಧಾರವಾಡದ ಹತ್ತಿರದ ಮುಗದ ಎಂಬ ಹಳ್ಳಿಯಲ್ಲಿ ನಿರ್ಬಂಧದಲ್ಲಿರಿಸಿದರು. ಸೆರೆಮನೆಯ ಕಥೆಯನ್ನು ಎಲ್ಲರೂ ಅಭಿಮಾನದಿಂದ ಹೇಳುತ್ತಾರೆ. ಅದರ ಮುಂದಿನ ವರುಷಗಳ ಕಥೆಯನ್ನು ಹೇಳುವವರು ಕಡಿಮೆ. ಸರಕಾರದ ಕಣ್ಣಿಗೆ ಬಿದ್ದ ಮಾಸ್ತರನಿಗೆ ಯಾವ ಶಾಲೆಯವರು ಕೆಲಸ ಕೊಡುತ್ತಾರೆ? ಇಲ್ಲಿ ಕೆಲವು ದಿನ, ಅಲ್ಲಿ ಕೆಲವು ದಿನ, ನಡುವೆ ಜಯಕರ್ನಾಟಕ ಪತ್ರಿಕೆಯ ಕೆಲಸ. ೧೯೩೫ರಲ್ಲಿ ಎಂ. ಎ. ಪದವಿಯನ್ನು ಗಳಿಸಿದರೂ ಬಾಗಿಲು ತೆರೆಯಲಿಲ್ಲ. ೧೯೪೩ರಲ್ಲಿ ಶಿವಮೊಗ್ಗೆಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಹಾರ, ತುರಾಯಿ, ಮೆರವಣಿಗೆ, ಎಲ್ಲವೂ ಆಯಿತು. ಸ್ಥಿರವಾದ ನೌಕರಿ ದೊರೆತದ್ದು ಮಾತ್ರ ಮರುವರುಷ, ಸೊಲ್ಲಾಪುರದ ಡಿ. ಎ. ವಿ. ಕಾಲೇಜಿನಲ್ಲಿ, ನಾಲ್ವತ್ತೆಂಟನೆಯ ವಯಸ್ಸಿನಲ್ಲಿ! ಜಾನ್ಸನನಿಗೆ ವರ್ಷಾಶನ ಬಂದದ್ದು ಐವತ್ತೆರಡನೆಯ ವಯಸ್ಸಿನಲ್ಲಿ. ಇಬ್ಬರಿಗೂ ಅನ್ನವು ಕೀರ್ತಿಗಿಂತ ಹಿಂದಿನಿಂದ ಬಂದಿತು.

ಈ ಹನ್ನೆರಡು ವರುಷ ಆ ಸಂಸಾರವು ಹೇಗೆ ನಡೆಯಿತೆಂದು ನಮ್ಮ ಗೃಹಿಣಿಯರು ಕೇಳುವರು, ಕೇಳತಕ್ಕ ಪ್ರಶ್ನೆಯೇ. ಬೇಂದ್ರೆಯವರ ಪತ್ನಿ ಲಕ್ಷ್ಮೀಬಾಯಿಯವರು. ೧೯೧೯ರಲ್ಲಿ ಮದುವೆ. ಹೆತ್ತ ಮಕ್ಕಳಲ್ಲಿ ಉಳಿದವರಿಗಿಂತ ಹೋದವರೇ ಹೆಚ್ಚು. ಮಗುವನ್ನು ಕಳೆದುಕೊಂಡ ಹೆಂಡತಿಯ ನೋಟವನ್ನು ತಾಳಲಾರದೆ ಗಂಡನು ಆಡಿದ ಮಾತೇ ಕವಿತೆಯಾಗಿ, ಕನ್ನಡಿಗರೆಲ್ಲ ಕಣ್ಣೀರಿನಿಂದ ಕೇಳುವ ಹಾಡಾಗಿದೆ. ೧೯೩೭ರಲ್ಲಿ ಬಂದ ಸಖೀಗೀತವು ಈ ದಾಂಪತ್ಯದ ಕಥೆಯೇ. ಅದಕ್ಕೆ ಆ ಹೆಸರನ್ನು ಇಟ್ಟದ್ದನ್ನು ಯೋಚಿಸಿರಿ. ಪತ್ನಿ, ಭಾರ್ಯೆ, ಗೃಹಿಣಿ, ಕಲತ್ರ ಎಂದು ಅಮರಕೋಶದಲ್ಲಿ ಶಬ್ದಗಳಿಗೆ ಬರವಿಲ್ಲ. ಅವನ್ನೆಲ್ಲ ಬಿಟ್ಟು ಕವಿಯು ಸಖಿ ಎಂದನು. ಗೆಳೆಯರ ಗುಂಪಿನ ಪಟ್ಟಿಯಲ್ಲಿ ಲಕ್ಷ್ಮೀಬಾಯಿಯವರ ಹೆಸರನ್ನು ಯಾರೂ ಬರೆಯುವುದಿಲ್ಲ. ನಮ್ಮ ಪಟ್ಟಿಯಲ್ಲಿ ಅದೇ ಮೊದಲನೆಯದು. ಹತ್ತು ಮಂದಿ ಗೆಳೆಯರು ಕವಿತೆ ಕೇಳಲು ಬಂದು ಕುಳಿತಾಗ ಒಲೆಯ ಮೇಲೆ ಚಹದ ನೀರು ಇಡುವವರು ಯಾರು, ಸಕ್ಕರೆ ಎಲ್ಲಿಂದ ಬರುತ್ತದೆ ಎಂಬ ವಿಚಾರವನ್ನು ಸಾಹಿತ್ಯದ ಚರಿತ್ರಕಾರರು ಎಲ್ಲಿಯೂ ಎತ್ತುವುದಿಲ್ಲ.

ಆ ಕಷ್ಟದ ದಿನಗಳಲ್ಲಿ ಬಿಜಾಪುರದ ಕಡೆಯಿಂದಲೂ ಒಂದು ಸ್ನೇಹವು ಬಲವಾಯಿತು. ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು ಮೊದಲಾದ ಗೆಳೆಯರು ಕೂಡಿ ಬೀಸುವ ಕಲ್ಲಿನ ಹಾಡುಗಳನ್ನು ಹೆಂಗಸರ ಬಾಯಿಂದ ಕೇಳಿ ಬರೆದುಕೊಳ್ಳುತ್ತಿದ್ದರು. ೧೯೩೧ರಲ್ಲಿ ಬಂದ ಗರತಿಯ ಹಾಡು ಅವರ ಶ್ರಮದ ಫಲ. ಮಧುರಚೆನ್ನರು ಅರವಿಂದರ ಭಕ್ತರು. ಬೇಂದ್ರೆಯವರಿಗೂ ಅವರಿಗೂ ಇದ್ದುದು ಸಾಹಿತ್ಯದ ಸ್ನೇಹಕ್ಕಿಂತ ಆಳವಾದುದು. ೧೯೫೩ರ ಆಗಸ್ಟ್ ೧೫ರಂದು, ಅರವಿಂದರು ಹುಟ್ಟಿದ ದಿನವೇ, ಮಧುರಚೆನ್ನರು ತೀರಿಕೊಂಡರು.

ಗೆಳೆಯರೆಂದಮೇಲೆ ಎಲ್ಲವೂ ಹಾಲುಸಕ್ಕರೆಯಂತೆ ಇತ್ತೆಂದು ಹೇಳಿದರೆ ವಾಚಕರು ನಂಬಲಾರರು; ನಂಬಲೂ ಬಾರದು. ಬೇಂದ್ರೆಯವರು ಜಾನ್ಸನನಂತೆಯೇ ಮಾತಿನ ಮಲ್ಲರು. ಗಂಟೆಗಟ್ಟಲೆ ಮಾತನಾಡಬಲ್ಲವರು, ಎದುರು ಮಾತನ್ನು ಸಹಿಸುವುದು ಕಡಿಮೆ, ಮುನಿಸು ಬೇಗ. ಆ ಸಿಟ್ಟು ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಜಾತಿಯದು. ಬಣ್ಣ ಬಹಳ, ಖಾರ ಅಷ್ಟಿಲ್ಲ. ಜಾನ್ಸನನ ಕಡೆಯ ಮುನಿಸು ಹಾಗಿರಲಿಲ್ಲ. ಹತ್ತಾರು ವರುಷ ತನಗೆ ಅನ್ನವಿಕ್ಕಿ ಆರೈಕೆ ಮಾಡಿದ ಥ್ರೇಲ್ ಎಂಬ ಹೆಂಗಸು ವಿಧವೆಯಾಗಿ ಇನ್ನೊಂದು ಮದುವೆ ಮಾಡಿಕೊಂಡಳೆಂಬ ಕಾರಣಕ್ಕೆ ಆಕೆಗೆ ಕಠೋರವಾಗಿ ಬರೆದನು. ಸಾಯುವ ವರುಷದಲ್ಲಿ ಆ ಸ್ನೇಹವು ಮುರಿದುಹೋಯಿತು. ಆತನಲ್ಲಿ ನಮಗೆ ಸೇರದ ಸಂಗತಿಯು ಇದೊಂದು. ಧಾರವಾಡದ ಗುಂಪು ಒಮ್ಮೆಲೆ ಮುರಿಯಲಿಲ್ಲ. ಒಬ್ಬರಿಗೆ ಸಾಂಗಲಿ, ಒಬ್ಬರಿಗೆ ಸೊಲ್ಲಾಪುರ, ಒಬ್ಬರಿಗೆ ಸ್ವಂತ ಪತ್ರಿಕೆ ಎಂದು ಹೊಟ್ಟೆಯ ದಾರಿ ಹಿಡಿದು ಚದುರಿತು. ಕೃಷ್ಣಶರ್ಮರು ೧೯೩೮ರಲ್ಲಿ ಜಯಂತಿ ಎಂಬ ಮಾಸಪತ್ರಿಕೆಯನ್ನು ತೆಗೆದರು. ಧಾರವಾಡದಲ್ಲಿ ಹುಟ್ಟಿದ ಜೀವನ ಎಂಬ ಮಾಸಪತ್ರಿಕೆಯನ್ನು ಮಾಸ್ತಿಯವರು ತಮ್ಮ ಕೈಗೆ ತೆಗೆದುಕೊಂಡು ೧೯೪೪ರಿಂದ ೧೯೬೫ರ ವರೆಗೆ ಬೆಂಗಳೂರಿನಿಂದ ನಡೆಸಿದರು. ಜಿ. ಬಿ. ಜೋಶಿಯವರ ಅಟ್ಟದ ಮೇಲೆ ಮಾತ್ರ ಗೋಷ್ಠಿಯು ನಿಲ್ಲಲಿಲ್ಲ. ಹೊಸ ತಲೆಮಾರಿನವರು ಬಂದು ಕುಳಿತರು. ಗಿರೀಶ ಕಾರ್ನಾಡರ ಯಯಾತಿ ೧೯೬೧ರಲ್ಲಿ ಹೊರಬಿದ್ದದ್ದು ಆ ಗ್ರಂಥಮಾಲೆಯಿಂದಲೇ.

ಜಾನ್ಸನನಿಗೆ ಬಾಸ್ವೆಲ್ ಎಂಬ ಗೆಳೆಯನಿದ್ದನು. ೧೭೬೩ರ ಮೇ ೧೬ರಂದು ಒಂದು ಪುಸ್ತಕದ ಅಂಗಡಿಯಲ್ಲಿ ಭೇಟಿಯಾದ ಆ ಇಪ್ಪತ್ತೆರಡು ವರುಷದ ಹುಡುಗನು, ದೊಡ್ಡವನು ಆಡಿದ ಮಾತನ್ನು ರಾತ್ರಿ ಮನೆಗೆ ಹೋಗಿ ಬರೆದಿಟ್ಟು, ೧೭೯೧ರಲ್ಲಿ ಚರಿತ್ರೆಯಾಗಿ ಪ್ರಕಟಿಸಿದನು. ಅದರಿಂದಲೇ ಜಾನ್ಸನನ ಕೆಮ್ಮು ಕೂಡ ಇಂದಿಗೂ ನಮಗೆ ಕೇಳಿಸುತ್ತದೆ. ಬೇಂದ್ರೆಯವರ ಮಾತನ್ನು ಅಷ್ಟು ಪಟ್ಟು ಹಿಡಿದು ಬರೆದಿಟ್ಟವರು ನಮ್ಮಲ್ಲಿ ಹೊರಡಲಿಲ್ಲವಲ್ಲ ಎಂಬುದೇ ನಮ್ಮ ಕೊರಗು. ಅಂಥ ಬರಹಗಳು ದೊಡ್ಡವರ ಮನೆಯ ಹಳೆಯ ಪೆಟ್ಟಿಗೆಗಳಲ್ಲಿ ಇದ್ದರೆ, ಇದ್ದವರು ಗೆದ್ದಲಿಗೆ ಕೊಡದೆ ಹೊರಗೆ ತೆಗೆಯಬೇಕು.

ರಾಣೇಬೆನ್ನೂರಿನವರು ಈ ಕಥೆಯಲ್ಲಿ ತಮ್ಮ ಪಾಲನ್ನೂ ಕೇಳಬಹುದು. ೧೯೨೩ರಲ್ಲಿ ರಾಣೇಬೆನ್ನೂರಿನಲ್ಲಿ ಹುಟ್ಟಿದ ಸು. ರಂ. ಎಕ್ಕುಂಡಿಯವರು ಸಾಂಗಲಿಯ ವಿಲಿಂಗ್ಡನ್ ಕಾಲೇಜಿಗೆ ಓದಲು ಹೋದರು. ಅಲ್ಲಿ ಪಾಠ ಹೇಳುತ್ತಿದ್ದವರು ಯಾರು? ನಮ್ಮ ಸವಣೂರಿನ ಗೋಕಾಕರು ಮತ್ತು ಮುಗಳಿಯವರು. ಗೆಳೆಯರ ಗುಂಪು ಚದುರಿತೆಂದು ಮೇಲೆ ಬರೆದೆವು. ಚದುರಿದ ಬೀಜವು ಹೀಗೆ ಬಿತ್ತು. ಎಕ್ಕುಂಡಿಯವರು ಉತ್ತರ ಕನ್ನಡದ ಬಂಕಿಕೊಡ್ಲದ ಹಾಯಸ್ಕೂಲಿನಲ್ಲಿ ಸುಮಾರು ಮೂವತ್ತೈದು ವರುಷ ಮಾಸ್ತರಿಕೆ ಮಾಡುತ್ತ, ಯಾವ ಗದ್ದಲವೂ ಇಲ್ಲದೆ ಕಥನಕವನಗಳನ್ನು ಬರೆದರು. ಬಕುಲದ ಹೂವುಗಳು ಎಂಬ ಸಂಗ್ರಹಕ್ಕೆ ೧೯೯೨ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಬೇಂದ್ರೆಯವರಿಗೆ ಅದೇ ಪ್ರಶಸ್ತಿಯು ೧೯೫೮ರಲ್ಲಿ ಅರಳು ಮರಳಿಗೆ ಬಂದಿದ್ದಿತು. ಜ್ಞಾನಪೀಠವು ಬೇಂದ್ರೆಯವರಿಗೆ ನಾಕುತಂತಿಗಾಗಿ ೧೯೭೩ರ ಸಾಲಿನಲ್ಲಿ, ಅಣ್ಣನಾದ ಮಾಸ್ತಿಯವರಿಗೆ ೧೯೮೩ರ ಸಾಲಿನಲ್ಲಿ, ಗೋಕಾಕರಿಗೆ ೧೯೯೦ರ ಸಾಲಿನಲ್ಲಿ ದೊರೆಯಿತು.

ಬೇಂದ್ರೆಯವರು ೧೯೮೧ರ ಅಕ್ಟೋಬರ್ ೨೬ರಂದು ಮುಂಬಯಿಯಲ್ಲಿ ತೀರಿಕೊಂಡರು. ಅದೇ ವರುಷದ ಆರಂಭದಲ್ಲಿ ಗೋಕಾಕರು ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನವಿರಬೇಕೆಂಬ ತಮ್ಮ ವರದಿಯನ್ನು ಸರಕಾರಕ್ಕೆ ಒಪ್ಪಿಸಿದ್ದರು. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತ ಧಾರವಾಡಕ್ಕೆ ಬಂದ ಸವಣೂರಿನ ಹುಡುಗನೇ ಆ ವರದಿಯನ್ನು ಬರೆದವನು.

ಧಾರವಾಡದ ಗುಂಪಿಗಿಂತ ಮೊದಲೇ, ಗೆಳೆಯರ ಬಲವೂ ಇಲ್ಲದೆ, ಪುಸ್ತಕದ ಗಂಟನ್ನು ತಾವೇ ಹೊತ್ತು ನಮ್ಮ ಊರೂರಿಗೆ ನಡೆದ ಹಾವೇರಿ ತಾಲೂಕಿನ ಗಳಗನಾಥರ ವಿಷಯವನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿರುವೆವು.